ಬೆಳಂಬಾರದ ಬಸುರಿ ನೆಲ

ನನ್ನ ತಂಗಿಯ ಮಗಳು ನಿಶಾಳಿಗೆ ಅದು ಮೊದಲ ನೌಕರಿ. ಕಾರ್ಖಾನೆಯ ಚಿಮಣಿಗಳು ಉಗುಳುವ ಇಂಗಾಲದ ಅನಿಲವನ್ನು ಹಿಡಿದು ನೆಲದಾಳದ ಬಂಡೆಗಳಲ್ಲಿ ಹುದುಗಿಸಿಡಬಹುದೇ ಎಂದು ಪರೀಕ್ಷಿಸುತ್ತಿದ್ದ ಸಂಸ್ಥೆಯೊಂದು ಅಂಕೋಲೆ ಬಳಿಯ ಬೆಳಂಬಾರದ ಗದ್ದೆಯೊಂದರಲ್ಲಿ ಕೊಳವೆಬಾವಿ ಕೊರೆಯಲು ಬಯಸಿತ್ತು. ಊರವರ ಒಪ್ಪಿಗೆ ತರುವ ಹೊಣೆ ನಿಶಾಳದು. ತರದಿದ್ದರೆ ಕೆಲಸ ಉಳಿಯುವುದಿಲ್ಲವೆಂದು ಮೇಲಧಿಕಾರಿ ಮೊದಲೇ ತಿಳಿಸಿದ್ದರು.

ಅಂಕೋಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದವನೆಂದು ಅವಳು ನನ್ನನ್ನು ಜೊತೆಗೆ ಕರೆದೊಯ್ದಳು. ಗದ್ದೆಯ ಒಡೆಯ ಹುಲಿಯಾ ನನ್ನ ಹಳೆಯ ವಿದ್ಯಾರ್ಥಿ. ನಗುತ್ತಲೇ ಸಹಿ ಹಾಕಿದ. ಕೊರೆಯುವ ದಿನ ಗೊತ್ತುಮಾಡಿದವನು ನಾನು. ಎರಡು ಸಾವಿರದ ಎಂಟನೆಯ ಇಸವಿ, ಆಶ್ವೀಜದ ಹುಣ್ಣಿಮೆ. ಅಂದು ಯಾರೂ ಗದ್ದೆಯ ಕೆಲಸ ಮಾಡುವುದಿಲ್ಲ, ಎಲ್ಲರೂ ಊರಲ್ಲೇ ಸಿಗುತ್ತಾರೆ ಎಂದುಕೊಂಡೆ. ಏಕೆ ಮಾಡುವುದಿಲ್ಲವೆಂದು ಯೋಚಿಸಲಿಲ್ಲ.

ಯಂತ್ರ ಹೊತ್ತ ಲಾರಿ ಬಂದಾಗ ಹುಲಿಯಾನ ತಾಯಿ ಕಾಮಿ, ತೆನೆಗಟ್ಟಿದ ಪೈರಿನ ನಡುವೆ ಬಾಳೆಯೆಲೆ ಹಾಸಿ ಅನ್ನ, ಕಡುಬು ಬಡಿಸುತ್ತಿದ್ದಳು. ಲಾರಿ ಕಂಡವಳೇ ಬಂದು ಅದರ ಮುಂದೆ ಕುಳಿತುಬಿಟ್ಟಳು.

“ಮಾಸ್ತರ್ರೇ, ನಿಮ್ಗೆ ಬುದ್ಧಿ ಅದ್ಯೋ? ಭೂಮ್ತಾಯಿ ಬಸ್ರಿ. ನಾ ಬಯಕೆ ಊಟ ಬಡಿಸ್ತಾ ಇದ್ದೆ, ನೀವು ಹೊಟ್ಟೆ ತೂತು ಮಾಡೂಕೆ ಬಂದ್ರಿ!”

“ಸಣ್ಣ ಕೊಳವೆ, ಅಜ್ಜಿ,” ಎಂದಳು ನಿಶಾ.

“ಹೌದನೇ ತಂಗೀ? ನಿನ್ನ ಆಯಿ ಬಸ್ರಿ ಇದ್ದಾಗ ಸಣ್ಣ ಮೊಳೆ ಹೊಡ್ದು ನೋಡಿದ್ರೋ, ಒಳಗೆ ನೀ ಇದ್ಯೋ ಇಲ್ಲೋ ಅಂತ?”

ನೆರೆದವರೆಲ್ಲ ನಕ್ಕರು, ನಿಶಾಳೂ ನಕ್ಕಳು. ನನಗೆ ನಗು ಬರಲಿಲ್ಲ. ಭೂಮಿಯನ್ನು ತಾಯಿಯೆಂದ ಕವಿತೆಗಳನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಪ್ರತಿ ಸಲವೂ ಅದು ರೂಪಕವೆಂದು ಕರಿಹಲಗೆಯ ಮೇಲೆ ಬರೆದಿದ್ದೆ. ಹುಲಿಯಾ ಅದನ್ನು ಶ್ರದ್ಧೆಯಿಂದ ಬರೆದುಕೊಂಡಿದ್ದ.

ನಿಶಾ ಲಾರಿಯನ್ನು ಹಿಂದಕ್ಕೆ ಕಳಿಸಿದಳು. ಮೇಲಧಿಕಾರಿಗೆ ಕಳಿಸಬೇಕಾದ ನಮೂನೆಯಲ್ಲಿ ಎರಡೇ ಚೌಕಗಳು: ಒಪ್ಪಿಗೆ, ವಿರೋಧ. ಅವಳು ಕಾಮಿಯ ಪಕ್ಕದಲ್ಲೇ ಕುಳಿತು ಕೇಳಿದಳು:

“ಹೊಗೆ ನೆಲದೊಳಗೆ ಇಡೂದೇ ಬೇಡ ಅಂತೀರಾ?”

“ನಾ ಎಲ್ಲಿ ಬೇಡ ಅಂದೆ? ಸುಟ್ಟ ಕಲ್ಲಿದ್ದಲು ಅವ್ಳ ಹೊಟ್ಟೇದೇ ಅಲ್ವೋ? ಅವ್ಳದ್ದು ಅವ್ಳಿಗೇ ಕೊಡಿ. ಆದ್ರೆ ಹೆರಿಗೆ ಆಗ್ಲಿ. ಅವ್ಳನ್ನ ಕೇಳಿ ಕೊಡಿ.”

“ಹೆರಿಗೆ ಯಾವಾಗ?”

“ಕೊಯ್ಲು ಆದಾಗ, ಹುಚ್ಚೀ!”

ನಿಶಾ ಚೌಕಗಳೆರಡನ್ನೂ ಖಾಲಿ ಬಿಟ್ಟು, ಕೆಳಗೆ ‘ಹೆರಿಗೆಯ ನಂತರ’ ಎಂದು ಬರೆದಳು. ಮೇಲಧಿಕಾರಿ ಅದನ್ನು ಉದ್ಧಟತನವೆಂದೇ ತಿಳಿದರು. ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಒಪ್ಪಿಗೆ ಬಾರದಿದ್ದರೆ ಅವಳು ಬೇರೆ ಕೆಲಸ ನೋಡಿಕೊಳ್ಳಬೇಕು.

ದೀಪಾವಳಿ ಕಳೆದು ಹತ್ತನೆಯ ದಿನ, ನಾನು ಅವಳ ಕಾರವಾರದ ಕಚೇರಿಯಲ್ಲಿ ಕುಳಿತಿದ್ದಾಗ, ಬಸ್ಸಿಳಿದ ಕಾಮಿ ಹುಲಿಯಾನನ್ನು ಹಿಂದಿಟ್ಟುಕೊಂಡು ಬಾಗಿಲಲ್ಲಿ ನಿಂತಳು.

“ಬಾಣಂತಿ ಆರಾಮ ಅದೆ. ನಿನ್ನ ಯಂತ್ರ ಎಲ್ಲಿ ಹೋಯ್ತೇ? ಬರೂಕೆ ಹೇಳು. ಮೊದ್ಲು ನಾ ಹಾಲು ಎರೀತೆ, ಆಮೇಲೆ ಕೊರೀರಿ.”

ನಿಶಾ ಫೋನು ಎತ್ತಿದಳು. ಮೇಲಧಿಕಾರಿಗೆ ಹೇಗೆ ಹೇಳುವುದೆಂದು ತೋಚದೆ ನನ್ನ ಮುಖ ನೋಡಿದಳು.

“ಅಜ್ಜಿ ಹೇಳಿದ ಹಾಗೇ ಹೇಳು,” ಎಂದೆ.