ಬೂದಿಗೆ ಕೈಯಿಟ್ಟು ನೋಡಿ

ಕೋಲ್ಕತ್ತದ ಟಾಲಿಗಂಜಿನ ರಾಜೀವಿ ಅಕ್ಕನ ಮನೆಗೆ ಗ್ಯಾಸ್ ಒಲೆ ಬಂದು ಇಪ್ಪತ್ತೈದು ವರ್ಷವಾಯಿತು. ಆದರೂ ಒಲೆಯ ವಿಷಯ ಬಂದರೆ ಆಕೆ ಇವತ್ತಿಗೂ ಉಡುಪಿ ಕಡೆಯ ತಮ್ಮ ತವರಿನ ಮಣ್ಣೊಲೆಯ ಮುಂದೆಯೇ ಕೂತಿರುತ್ತಾರೆ. ಒಲೆ ದಾಟಬಾರದು, ಒಲೆಗೆ ಕಾಲು ತಾಗಿಸಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಒಲೆಗೆ ನೀರು ಹಾಕಬಾರದು. ಅಡುಗೆ ಮುಗಿದ ಮೇಲೆ ಕೆಂಡವನ್ನು ಒಂದು ಕಡೆ ಗುಡ್ಡೆ ಮಾಡಿ ಮೇಲೆ ಬೂದಿ ಮುಚ್ಚಬೇಕು. ಮರುದಿನ ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಬೆಂಕಿ ಎದ್ದು ಕೂರುತ್ತದೆ, ಕಡ್ಡಿ ಗೀರುವ ಕೆಲಸವಿಲ್ಲ. ಮನೆಯಲ್ಲಿ ಅದು ಒಳ್ಳೆಯ ಪದ್ಧತಿಯೇ, ಅದರಲ್ಲಿ ಎರಡು ಮಾತಿಲ್ಲ.

ನಾನು ಸುಲೋಚನಾ, ಧಾರವಾಡದವಳು. ಗಂಡನ ರೈಲ್ವೆ ನೌಕರಿಯಿಂದಾಗಿ ಹೌರಾಕ್ಕೆ ಬಂದವಳು ಇಲ್ಲಿಯೇ ಉಳಿದುಬಿಟ್ಟೆ. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ನಮ್ಮ ಕನ್ನಡ ಮಹಿಳಾ ಮಂಡಳಿಯಲ್ಲಿ ಎಲ್ಲರಿಗೂ ಗೊತ್ತು. ಆ ನಾಲಿಗೆ ನಿಜವಾಗಿ ಬೇಕಾಗಿದ್ದ ದಿನ ಅದು ಬಾಯೊಳಗೆ ತೆಪ್ಪಗೆ ಮಲಗಿತ್ತು. ಅದಕ್ಕೇ ಈ ಕರಪತ್ರ ಬರೆಯುವ ಕೆಲಸವನ್ನು ಮಂಡಳಿ ನನ್ನ ತಲೆಗೇ ಕಟ್ಟಿದೆ. ನಾನೂ ಬೇಡ ಎನ್ನಲಿಲ್ಲ.

ಇದು ಹೋದ ವರ್ಷ, 2006ರ ಮಾರ್ಚ್ ತಿಂಗಳ ಮಾತು. ಆಗ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ನಮ್ಮ ಮಕ್ಕಳೆಲ್ಲ ಅದರೊಳಗೆ ಎಸಿಯಲ್ಲಿ ನಡುಗುತ್ತ ಕೂರುವವರು. ರಾಜೀವಿ ಅಕ್ಕನ ಮಗ ವಿಖ್ಯಾತನೂ ಅಲ್ಲಿಯೇ. ಅವನಿಗೆ ಇದ್ದಕ್ಕಿದ್ದಂತೆ ಮರ ನೋಡುವ ಆಸೆ ಹುಟ್ಟಿ, ಈ ಸಲ ಕನ್ನಡದವರ ಪಿಕ್ನಿಕ್ ಕಾಡಿನಲ್ಲೇ ಆಗಬೇಕೆಂದು ಎಲ್ಲರಿಗೂ ಇಮೇಲ್ ಕಳಿಸಿದ. ಅವನ ತಂದೆ ರಮಾನಾಥರು ಬ್ಯಾಂಕಿನವರು. ಹಿಂದೆ ಬಾಂಕುಡಾ ಜಿಲ್ಲೆಯ ಒಂದು ಸಣ್ಣ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದರು. ಅಲ್ಲಿ ಸಾಲ್ ಮರಗಳ ಕಾಡಿನ ಅಂಚಿನಲ್ಲಿ ಒಂದು ಸಂತಾಲ ಆದಿವಾಸಿಗಳ ಹಳ್ಳಿ, ಹಳ್ಳಿಯಲ್ಲಿ ಪಾನ್‌ಮಣಿ ಎಂಬ ಹೆಂಗಸು ಅವರಿಗೆ ಪರಿಚಯ. ಬನ್ನಿ ಎಂದು ಆಕೆ ಹೇಳಿ ಕಳಿಸಿದಳು. ಒಂದು ಭಾನುವಾರ ಹದಿನೆಂಟು ಜನ, ನಾಲ್ಕು ಪಾತ್ರೆ, ಎರಡು ಬಕೆಟ್ ಸಮೇತ ಹೌರಾದಿಂದ ಬೆಳಗಿನ ರೈಲು ಹತ್ತಿದೆವು.

ವಿಖ್ಯಾತನ ಹೆಂಡತಿ ನಿಶ್ಮಿತಾ ಬರಲಿಲ್ಲ. ಅವಳಿಗೆ ಆಗ ಏಳು ತಿಂಗಳು, ಸೀಮಂತವಾಗಿ ಹತ್ತು ದಿನವಾಗಿತ್ತು. ಟಾಲಿಗಂಜಿನ ಮನೆಯಲ್ಲಿ ಅವಳಮ್ಮನ ಜೊತೆ ಉಳಿದಿದ್ದಳು. ರೈಲಿನಲ್ಲಿ ದಾರಿಯುದ್ದಕ್ಕೂ ರಾಜೀವಿ ಅಕ್ಕನಿಗೆ ಅವಳದೇ ಚಿಂತೆ.

ಪಾನ್‌ಮಣಿಯ ಮನೆ ಹಳ್ಳಿಯ ಪಶ್ಚಿಮದ ತುದಿಯಲ್ಲಿತ್ತು. ಮಣ್ಣಿನ ಗೋಡೆ, ಭತ್ತದ ಹುಲ್ಲಿನ ಮಾಡು. ಒಳಗೆ ಹೋದ ರಾಜೀವಿ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಹುಲ್ಲಿನ ಹಗ್ಗ ಸುತ್ತಿ ಸುತ್ತಿ ಕಟ್ಟಿದ ದೊಡ್ಡ ದೊಡ್ಡ ಉಂಡೆಗಳು ಗೋಡೆಯುದ್ದಕ್ಕೂ ಕೂತಿದ್ದವು.

"ಸುಲೋಚನಾ, ಇಲ್ಲಿ ನೋಡು ಮಾರಾಯ್ತಿ. ಇದು ನಮ್ಮ ಮುಡಿ ಅಲ್ವಾ? ನನ್ನ ಅಪ್ಪಯ್ಯ ಭತ್ತ ಹೀಗೆಯೇ ಕಟ್ಟಿ ಇಡುದು," ಎಂದು ಒಂದರ ಮೇಲೆ ಕೈಯಾಡಿಸಿದರು.

ಪಾನ್‌ಮಣಿಗೆ ಖುಷಿಯಾಯಿತು. ಅವಳು ಬಂಗಾಳಿಯಲ್ಲಿ ಹೇಳಿದ್ದನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. "ಇದು ನನ್ನೊಬ್ಬಳದಲ್ಲ ದೀದಿ. ಮೂವತ್ತೊಂದು ಮನೆಯ ಬಿತ್ತನೆ ಭತ್ತ. ಹೋದ ವರ್ಷ ಕಾಡಿನ ಬೆಂಕಿ ಬಂದು ಆ ಕಡೆಯ ನಾಲ್ಕು ಮನೆಯ ಮಾಡು ಸುಟ್ಟಿತು, ಅವರ ಬೀಜವೂ ಹೋಯಿತು. ನನ್ನ ಮನೆಗೆ ಕೊಳ ಹತ್ತಿರ ಅಂತ ಈ ಸಲ ಎಲ್ಲ ಇಲ್ಲಿಟ್ಟಿದ್ದೇವೆ."

"ಬೆಂಕಿ ಹೆಂಗ ಬಂತು?" ಎಂದೆ ನಾನು.

"ನಾವೇ ಹಚ್ಚಿದ್ದು," ಎಂದಳು, ಮುಚ್ಚುಮರೆಯಿಲ್ಲದೆ. "ಹಿಪ್ಪೆ ಹೂ ಆರಿಸುವಾಗ ತರಗೆಲೆ ಅಡ್ಡ ಬರುತ್ತದೆ. ಮರದ ಕೆಳಗೆ ಎಲೆ ಸುಟ್ಟರೆ ಹೂ ಚೆನ್ನಾಗಿ ಕಾಣುತ್ತದೆ. ಅಜ್ಜಿಯ ಕಾಲದಿಂದ ಹಾಗೆಯೇ. ಹೋದ ವರ್ಷ ಗಾಳಿ ಎದ್ದಿತು, ನಮ್ಮ ಕೈ ಮೀರಿತು. ಈಗ ಸುಡುವುದಿಲ್ಲ, ಗುಡಿಸುತ್ತೇವೆ. ಸೊಂಟ ಮುರಿಯುತ್ತದೆ, ಆದರೆ ಮನೆ ಉಳಿಯುತ್ತದೆ."

ಹಳ್ಳಿಯ ಸುತ್ತ ಅವರು ಮಾಡಿದ ಬೆಂಕಿರೇಖೆಯನ್ನೂ ತೋರಿಸಿದಳು. ಎರಡಾಳು ಅಗಲದ ಪಟ್ಟಿಯಲ್ಲಿ ಒಂದು ಒಣ ಎಲೆಯೂ ಇಲ್ಲದಂತೆ ಗುಡಿಸಿದ್ದರು. ದಿನವೂ ಎಲೆ ಉದುರುವುದರಿಂದ ಸರದಿಯ ಮೇಲೆ ದಿನವೂ ಗುಡಿಸಬೇಕು. ರೇಖೆಯ ಆಚೆ ಕಾಡಿನಲ್ಲಿ ನಮಗೆ ಅಡುಗೆಯ ಜಾಗ ಕೊಟ್ಟು, ಹೊರಡುವಾಗ ಒಂದು ಮಾತು ಹೇಳಿದಳು. "ಒಲೆ ಆದಮೇಲೆ ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ. ಕೊನೆಗೆ ಬೂದಿಗೆ ಕೈಯಿಟ್ಟು ನೋಡಿ."

ರಾಜೀವಿ ಅಕ್ಕನ ಮುಖ ಆಗಲೇ ಸಣ್ಣಗಾಯಿತು.

ಅಡುಗೆಯ ಗಲಾಟೆಯಲ್ಲಿ ಆ ಮಾತು ಮುಳುಗಿಹೋಯಿತು. ಮೈಸೂರಿನವರಿಗೆ ಬಿಸಿಬೇಳೆ ಬಾತ್ ಆಗಬೇಕು, ನನಗೆ ಜುಣಕ ಆಗಬೇಕು, ರಮಾನಾಥರಿಗೆ ಗಂಜಿ ಊಟವಾದರೂ ತೆಂಗಿನಕಾಯಿ ಬೇಕು. ಮೂರು ಕಲ್ಲಿನ ಒಲೆಯ ಮೇಲೆ ಮೂರು ಜಿಲ್ಲೆಗಳ ಅಡುಗೆ ಆಯಿತು. ಸಾಲ್ ಎಲೆಯಲ್ಲಿ ಉಂಡೆವು. ಎರಡು ಗಂಟೆಗೆ ಎಲ್ಲರೂ ಪಾತ್ರೆ ಕಟ್ಟತೊಡಗಿದಾಗ, ರಾಜೀವಿ ಅಕ್ಕ ಒಲೆಯ ಮುಂದೆ ಒಬ್ಬರೇ ಕೂತಿದ್ದರು. ನೀರಿನ ಬಕೆಟ್ ಪಕ್ಕದಲ್ಲೇ ಇತ್ತು. ಆಕೆ ಒಂದು ಕೋಲಿನಿಂದ ಕೆಂಡ ಗುಡ್ಡೆ ಮಾಡಿ, ಮೇಲೆ ಬೂದಿ ಎಳೆದು, ಅಂಗೈಯಿಂದ ತಟ್ಟಿ ನಯ ಮಾಡುತ್ತಿದ್ದರು.

"ಅಕ್ಕಾರ, ನೀರು ಹಾಕಂಗಿಲ್ಲೇನು?" ಎಂದೆ.

"ಸುಮ್ಮನಿರು ಮಾರಾಯ್ತಿ," ಎಂದರು ತಗ್ಗಿದ ದನಿಯಲ್ಲಿ. "ಅನ್ನ ಬೇಯಿಸಿದ ಬೆಂಕಿ. ನೀರು ಹಾಕಿ ಆರಿಸ್ಲಿಕ್ಕೆ ಇದೆಂತ ಚಿತೆಯಾ? ಮನೆಯಲ್ಲಿ ಸೊಸೆ ಹಾಗಿದ್ದಾಳೆ. ನನ್ನ ಕೈಯಿಂದ ಆಗ್ಲಿಕ್ಕಿಲ್ಲ. ಬೂದಿ ಮುಚ್ಚಿದ್ದೇನಲ್ಲ, ಅದು ಒಳಗೇ ಇರ್ತದೆ."

ಬಸುರಿ ಸೊಸೆಯ ಹೆಸರು ಬಂದ ಮೇಲೆ ವಾದ ಮಾಡುವುದು ಹೇಗೆ? ನಾನು ಸುಮ್ಮನಾದೆ. ಬಕೆಟ್ ನೀರನ್ನು ನಾನಾದರೂ ಸುರಿಯಬಹುದಿತ್ತು. ಅದರಲ್ಲಿ ಕೈ ತೊಳೆದುಕೊಂಡು, ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲಿ ಹೊರಟೆ.

ಪಾನ್‌ಮಣಿಯ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆವು. ಮಧ್ಯಾಹ್ನದ ಪಶ್ಚಿಮದ ಗಾಳಿ ಎದ್ದು ಒಣ ಎಲೆಗಳನ್ನು ಸರಬರ ಎಂದು ಓಡಿಸುತ್ತಿತ್ತು. ಪಾನ್‌ಮಣಿ ಮಾತು ನಿಲ್ಲಿಸಿ ಮೂಗೆತ್ತಿದಳು. ಆಮೇಲೆ ನಾವೂ ಕಂಡೆವು. ನಾವು ಉಂಡ ಜಾಗದ ಕಡೆಯಿಂದ ಹೊಗೆ ನೆಲ ಹಿಡಿದು ಬರುತ್ತಿತ್ತು, ಅದರ ಕೆಳಗೆ ಮೊಣಕಾಲೆತ್ತರದ ಬೆಂಕಿ.

ಪಾನ್‌ಮಣಿ ತಟ್ಟೆ ಬಡಿದಳು. ಇದಕ್ಕೇ ಕಾದಿದ್ದವರಂತೆ ಹಳ್ಳಿಯ ಹೆಂಗಸರು ಹಸಿ ಕೊಂಬೆ ಮುರಿದುಕೊಂಡು ಓಡಿದರು. ಗಂಡಸರು ಬೆಂಕಿಯ ಎರಡು ಮಗ್ಗುಲಿಂದ ಬಡಿಯತೊಡಗಿದರು. ರಮಾನಾಥರ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಲು ವಿಖ್ಯಾತ ಒಬ್ಬರ ಸೈಕಲ್ ಹತ್ತಿ ಹೋದ. ಆಫೀಸಿಗೆ ಕಾರಿನಲ್ಲಿ ಹೋಗುವ ಹುಡುಗ ಆ ಸೈಕಲ್ ತುಳಿದ ಪರಿ ನೋಡಬೇಕಿತ್ತು.

ನಾವು ಹೆಂಗಸರು ಸೀರೆ ಎತ್ತಿ ಕಟ್ಟಿ ಬೆಂಕಿರೇಖೆಯ ಮೇಲೆ ಆಗಷ್ಟೇ ಬಿದ್ದ ಎಲೆಗಳನ್ನು ಬರಿಗೈಯಿಂದ ಬಾಚಿ ಎಸೆದೆವು. ರಾಜೀವಿ ಅಕ್ಕ ಎಲ್ಲಿ ಎಂದು ನೋಡಿದರೆ, ಆಕೆ ಪಿಕ್ನಿಕ್ಕಿನ ಅನ್ನದ ಪಾತ್ರೆ ಹಿಡಿದು ಕೊಳಕ್ಕೂ ಪಾನ್‌ಮಣಿಯ ಮನೆಗೂ ಓಡುತ್ತಿದ್ದರು. ಮೊಣಕಾಲು ನೋವು ಎಂದು ಮೆಟ್ರೋ ಮೆಟ್ಟಿಲನ್ನೂ ಬೈಯುವ ಹೆಂಗಸು. ಒಂದೇ ಮಾತು ಹೇಳುತ್ತಿದ್ದರು, "ಬೀಜ ಉಂಟು ಅಲ್ಲಿ, ಬೀಜ ಉಂಟು."

ಗುಡಿಸಿದ ಪಟ್ಟಿಯ ಅಂಚಿಗೆ ಬಂದು ಬೆಂಕಿ ನಿಂತಿತು. ತಿನ್ನಲು ಎಲೆ ಸಿಗದೆ ಸಣ್ಣಗಾಯಿತು. ಆದರೆ ಒಂದು ಕಿಡಿ ಗಾಳಿಯಲ್ಲಿ ಹಾರಿ ಬಂದು ಪಾನ್‌ಮಣಿಯ ಮಾಡಿನ ಮೂಲೆ ಹಿಡಿಯಿತು. ಆಕೆ ಏಣಿ ಹತ್ತಿದಳು. ರಾಜೀವಿ ಅಕ್ಕ ಪಾತ್ರೆ ಎತ್ತಿ ಕೊಟ್ಟರು. ಒಂದು, ಎರಡು, ಮೂರು ಪಾತ್ರೆ ನೀರು ಬಿದ್ದಾಗ ಹುಲ್ಲು ಚುಸ್ ಎಂದು ಕರ್ರಗಾಯಿತು. ಮೊರದಷ್ಟು ಅಗಲ ಸುಟ್ಟಿತ್ತು, ಅಷ್ಟೇ. ಒಳಗೆ ಭತ್ತದ ಉಂಡೆಗಳು ಹಾಗೇ ಕೂತಿದ್ದವು.

ಅರಣ್ಯ ರಕ್ಷಕರು ಬರುವಷ್ಟರಲ್ಲಿ ಬೆಂಕಿ ಹತೋಟಿಗೆ ಬಂದಿತ್ತು. ಯಾರೋ ಬೀಡಿ ಎಸೆದಿರಬೇಕು ಎಂದು ಒಬ್ಬರು ಅಂದರು. ನಾನು ನೆಲ ನೋಡಿದೆ. ರಾಜೀವಿ ಅಕ್ಕ ಮಾತ್ರ ಪಾನ್‌ಮಣಿಯ ಮುಂದೆ ಹೋಗಿ ನಿಂತರು. ಆಕೆಯ ಬಂಗಾಳಿ ಅಷ್ಟಕ್ಕಷ್ಟೇ.

"ನಾನು," ಎಂದರು. "ನನ್ನ ಒಲೆ. ನೀರು ಹಾಕ್ಲಿಲ್ಲ. ಬೂದಿ ಮುಚ್ಚಿದೆ." ಆಮೇಲೆ ಅಳು ಬಂದು ಕನ್ನಡಕ್ಕೆ ಹೊರಳಿದರು. "ಹೇಳು ಸುಲೋಚನಾ ಅವಳಿಗೆ. ಸೊಸೆಗೆ ಕೆಟ್ಟದಾಗ್ತದೆ ಅಂತ ಹೆದರಿದೆ ಅಂತ ಹೇಳು."

ನಾನು ಹೇಳಿದೆ. ನಾನು ನೋಡಿಯೂ ಸುಮ್ಮನಿದ್ದೆ ಎಂಬುದನ್ನೂ ಸೇರಿಸಿದೆ. ಪಾನ್‌ಮಣಿಗೆ ಸಿಟ್ಟು ಬಂದಿತ್ತು, ಬಾರದೆ ಇರುತ್ತದೆಯೆ? ಮುಖದ ಮಸಿ ಒರೆಸಿಕೊಂಡಳು. ಆಮೇಲೆ ಕೇಳಿದಳು, "ದೀದಿ, ನಿಮ್ಮ ಮನೆಯಲ್ಲಿ ಬೂದಿ ಯಾಕೆ ಮುಚ್ಚುತ್ತೀರಿ?"

"ಮರುದಿನದ ಅಡುಗೆಗೆ ಬೆಂಕಿ ಉಳಿಲಿಕ್ಕೆ."

"ನಾಳೆ ಆ ಮೂರು ಕಲ್ಲಿನ ಮೇಲೆ ಅಡುಗೆ ಮಾಡಲು ಯಾರು ಬರುತ್ತಾರೆ?"

ರಾಜೀವಿ ಅಕ್ಕ ಕಾಡಿನ ಕಡೆ ತಿರುಗಿ ನೋಡಿದರು.

"ಮನೆಯ ಒಲೆಯ ಪಕ್ಕ ಮನೆಯವರು ಮಲಗಿರುತ್ತಾರೆ. ಕಿಡಿ ಹಾರಿದರೆ ಯಾರಾದರೂ ಏಳುತ್ತಾರೆ," ಎಂದಳು ಪಾನ್‌ಮಣಿ. "ಕಾಡಿನ ಒಲೆಯನ್ನು ನೀವು ಬಿಟ್ಟು ಬಂದಿರಿ. ಅದರ ಪಕ್ಕ ಮಲಗಿದ್ದವರು ನಾವು. ನನ್ನ ಸೊಸೆಯೂ ಬಸುರಿ ದೀದಿ. ಅಗೋ, ಕೊಂಬೆ ಹಿಡಿದು ನಿಂತಿದ್ದಾಳೆ."

ಮಸಿ ಮುಖದ ಹುಡುಗಿಯೊಬ್ಬಳು ನಮ್ಮ ಕಡೆ ನೋಡಿ ನಾಚಿದಳು. ಏಳು ತಿಂಗಳೇ ಇರಬೇಕು. ರಾಜೀವಿ ಅಕ್ಕ ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಪಾತ್ರೆಗೆ ಕೊಳದ ನೀರು ತುಂಬಿ, ನಾವು ಅಡುಗೆ ಮಾಡಿದ ಜಾಗಕ್ಕೆ ನಡೆದರು. ನಾನೂ ಹಿಂದೆ ಹೋದೆ. ಸುತ್ತಲೂ ನೆಲ ಕಪ್ಪು. ಮೂರು ಕಲ್ಲಿನ ನಡುವೆ ಬೂದಿಯನ್ನು ಕೋಲಿನಿಂದ ಸರಿಸಿದರೆ, ಕೆಳಗೆ ಇನ್ನೂ ಕೆಂಪಗೆ ಇತ್ತು.

ಆಕೆ ನೀರು ಹಾಕುವ ಮೊದಲು ಕೈ ಮುಗಿದರು. "ಹೊಟ್ಟೆ ತುಂಬಿತು. ಇನ್ನು ಮಲಗು," ಎಂದರು. ನೀರು ಸುರಿದರು, ಕೆದಕಿದರು, ಮತ್ತೆ ಸುರಿದರು. ಹಿಂಗೈಯನ್ನು ಹತ್ತಿರ ಹಿಡಿದು, ಬಿಸಿ ತಾಗುವುದಿಲ್ಲ ಎಂದಾದ ಮೇಲೆ ಬೂದಿಯೊಳಗೆ ಅಂಗೈ ಇಟ್ಟರು.

"ಹೆಂಗೈತ್ರಿ ಅಕ್ಕಾರ?"

"ತಣ್ಣಗುಂಟು."

ಮುಂದಿನ ಭಾನುವಾರ ರಮಾನಾಥರು, ವಿಖ್ಯಾತ, ನನ್ನ ಗಂಡ ಮತ್ತು ಇನ್ನೂ ಆರು ಜನ ಮತ್ತೆ ಆ ಹಳ್ಳಿಗೆ ಹೋಗಿ ಮಾಡಿನ ಮೂಲೆಗೆ ಹುಲ್ಲು ಹೊದಿಸಿದರು, ಬೆಂಕಿರೇಖೆ ಗುಡಿಸಲು ಒಂದು ದಿನದ ಸರದಿ ವಹಿಸಿಕೊಂಡರು. ಕೀಬೋರ್ಡ್ ಬಡಿಯುವ ಕೈಗಳಲ್ಲಿ ಗುಳ್ಳೆ ಎದ್ದು, ಸೆಕ್ಟರ್ ಫೈವ್‌ನಲ್ಲಿ ಎರಡು ದಿನ ಕೆಲಸ ನಿಧಾನವಾಯಿತಂತೆ. ಮಳೆ ಬಿದ್ದಾಗ ಮೂವತ್ತೊಂದು ಮನೆಯವರೂ ಬಿತ್ತಿದರು. ನಿಶ್ಮಿತಾಳಿಗೆ ಮೇ ತಿಂಗಳಲ್ಲಿ ಹೆಣ್ಣು ಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಪಾನ್‌ಮಣಿಯ ಸೊಸೆಗೂ ಹೆಣ್ಣೇ. ನಮ್ಮ ರಾಜೀವಿ ಅಕ್ಕ ಎರಡು ಮಕ್ಕಳಿಗೂ ಒಂದೇ ಬಟ್ಟೆಯಲ್ಲಿ ಅಂಗಿ ಹೊಲಿದರು.

ಈ ವರ್ಷದ ಪಿಕ್ನಿಕ್ಕೂ ಅಲ್ಲಿಯೇ ಆಯಿತು. ಹೊರಡುವ ಹೊತ್ತಿಗೆ ರೈಲು ತಪ್ಪುತ್ತದೆ ಎಂದು ಎಲ್ಲರೂ ಅವಸರ ಮಾಡುತ್ತಿದ್ದರೆ, ರಾಜೀವಿ ಅಕ್ಕ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಒಲೆಯ ಮುಂದೆ ಕೂತು ಬೂದಿ ಮುಟ್ಟುತ್ತಿದ್ದರು. ರೈಲು ಇನ್ನೊಂದು ಬರುತ್ತದೆ ಎಂದು ನಾನೇ ಎಲ್ಲರ ಬಾಯಿ ಮುಚ್ಚಿಸಿದೆ.

ಅಕ್ಕಂದಿರೆ, ಅಣ್ಣಂದಿರೆ, ನೀವು ಊರಿನ ಬೆಟ್ಟಕ್ಕೆ ಹೋಗಿ, ಇಲ್ಲಿನ ಸಾಲ್ ಕಾಡಿಗೆ ಹೋಗಿ, ಗದ್ದೆಯ ಬದುವಿನಲ್ಲಿ ಚಹಾ ಕಾಯಿಸಿ. ಒಲೆ ಹೂಡುವ ಮೊದಲು ಸುತ್ತಲಿನ ಎಲೆ ಗುಡಿಸಿ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಗಾಳಿ ಜೋರಿದ್ದರೆ ಒಲೆಯೇ ಬೇಡ, ಬುತ್ತಿ ಕಟ್ಟಿಕೊಂಡು ಹೋಗಿ. ಬೀಡಿ ಸಿಗರೇಟು ಎಸೆಯಬೇಡಿ, ಒಣ ಎಲೆಗೆ ಬೆಂಕಿ ಇಡಬೇಡಿ. ಹೊಗೆ ಕಂಡರೆ ಹಳ್ಳಿಯವರಿಗೆ ಕೂಗಿ ಹೇಳಿ, ಅರಣ್ಯ ಇಲಾಖೆಗೆ ತಿಳಿಸಿ. ಯಾರಾದರೂ ಕೆಂಡಕ್ಕೆ ಬೂದಿ ಮುಚ್ಚುವುದು ಕಂಡರೆ ದಾಕ್ಷಿಣ್ಯಕ್ಕೆ ಬಿದ್ದು ನನ್ನ ಹಾಗೆ ಸುಮ್ಮನಿರಬೇಡಿ, ಬಕೆಟ್ ನೀವೇ ಎತ್ತಿ. ನೀವು ರೈಲು ಹತ್ತಿ ಮನೆ ಸೇರುತ್ತೀರಿ. ಆ ಒಲೆಯ ಪಕ್ಕ ಮಲಗುವವರು ಬೇರೆ ಯಾರೋ. ನೀರು ಹಾಕಿ, ಕೆದಕಿ, ಮತ್ತೆ ಹಾಕಿ, ಕೈಯಿಟ್ಟು ನೋಡಿ. ತಣ್ಣಗುಂಟು ಎಂದು ನಿಮ್ಮ ಕೈ ಹೇಳಿದ ಮೇಲೆಯೇ ಹೊರಡಿ.