ಗಡ್ಡೆ ಅಳೆದ ಉಕ್ಕಿನ ದವಡೆ

ನಾನು ಒಂದು ಕ್ಯಾಲಿಪರ್. ನನ್ನ ಎರಡು ಉಕ್ಕಿನ ದವಡೆಗಳ ನಡುವೆ ಏನನ್ನು ಹಿಡಿದರೂ ಅದರ ಅಳತೆಯನ್ನು ಮಿಲಿಮೀಟರಿನಲ್ಲಿ ತೋರಿಸುತ್ತೇನೆ. ಕಾರ್ಖಾನೆಯಿಂದ ಹೊರಬಿದ್ದವನು ಮೊದಲು ಸೇರಿದ್ದು ಹುಬ್ಬಳ್ಳಿಯ ಇಮಾಮಸಾಬ ನದಾಫರ ಲೇತ್ ಅಂಗಡಿಯನ್ನು. ಎಣ್ಣೆ, ಕಬ್ಬಿಣದ ಪುಡಿಗಳ ನಡುವೆ ಒಂಬತ್ತು ವರ್ಷ ಪಂಪಿನ ಬಿಡಿಭಾಗಗಳನ್ನು ಅಳೆದೆ.

ಮಗಳು ರೆಹಾನಾ ಡಾಕ್ಟರಾಗಿ ಕ್ಯಾನ್ಸರ್ ಸಂಶೋಧನೆಗೆ ಹೊರಟಾಗ ಇಮಾಮಸಾಬರು ನನ್ನನ್ನು ಅವಳ ಕೈಗಿಟ್ಟರು. "ಇದು ಕೂದಲೆಳೆಯಷ್ಟೂ ತಪ್ಪೂದಿಲ್ಲ ಮಗಳ. ಜ್ವಾಕಿಯಿಂದ ಇಟ್ಕೊ," ಎಂದರು.

ಪ್ರಯೋಗಶಾಲೆಯಲ್ಲಿ ನಾನು ಇಲಿಗಳ ಮೈಮೇಲಿನ ಗಡ್ಡೆಗಳನ್ನು ಅಳೆದೆ. ಜೀವಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಒಂದು ವಂಶವಾಹಿ ಇದೆಯಂತೆ. ಗಡ್ಡೆಯಲ್ಲಿ ಅದು ಕೆಟ್ಟುಹೋಗಿರುತ್ತದೆ. ರೆಹಾನಾ ರೋಗ ಹರಡದಂತೆ ಪಳಗಿಸಿದ ವೈರಸ್ಸಿನೊಳಗೆ ಒಳ್ಳೆಯ ವಂಶವಾಹಿಯನ್ನು ಸೇರಿಸಿ, ಸೂಜಿಯಿಂದ ನೇರವಾಗಿ ಗಡ್ಡೆಗೇ ಚುಚ್ಚುತ್ತಿದ್ದಳು. ಎರಡು ವರ್ಷ ಗಡ್ಡೆಗಳು ಬೆಳೆಯುತ್ತಲೇ ಹೋದವು. ಮೂರನೆಯ ವರ್ಷ ಅವುಗಳ ವೇಗ ತಗ್ಗಿತು. ಅಂದು ರೆಹಾನಾ ಸ್ಟೂಲಿನ ಮೇಲೆ ಕುಳಿತು ಬಹಳ ಹೊತ್ತು ನನ್ನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

ಮನುಷ್ಯರ ಮೇಲೆ ಪರೀಕ್ಷಿಸಲು ಅನುಮತಿ ಸಿಗುವ ಹೊತ್ತಿಗೆ ಅವಳ ತಲೆಯಲ್ಲಿ ನಾಲ್ಕಾರು ಬಿಳಿ ಕೂದಲು ಮೂಡಿದ್ದವು. ಆಗ ಬಂದವರು ಹಳಿಯಾಳದ ಚನವೀರಪ್ಪ. ಕುಸ್ತಿ ಕಣದಲ್ಲಿ ಮೈಕು ಹಿಡಿದು ಪಟ್ಟುಗಳನ್ನು ವರ್ಣಿಸುವವರು. ಗುಟ್ಕಾ ಅಗಿದು ಬಾಯಿ ಕ್ಯಾನ್ಸರಾಗಿ, ಆಪರೇಷನ್, ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಎಲ್ಲ ಮುಗಿದ ಮೇಲೂ ಕುತ್ತಿಗೆಯಲ್ಲಿ ಗಡ್ಡೆ ಮರಳಿತ್ತು. ಹದಿನೈದು ದಿನಗಳಲ್ಲಿ ಅದು ಮೂವತ್ತೆಂಟು ಮಿಲಿಮೀಟರಿನಿಂದ ನಲವತ್ತಾರಕ್ಕೆ ಏರಿತ್ತು.

"ನನಗ ವರ್ಷಗಟ್ಟಲೆ ಬ್ಯಾಡ್ರೀ ಮೇಡಂ," ಎಂದರು ಅವರು. "ಫೆಬ್ರವರಿಗೆ ನನ್ ಮಗಳು ಭಾಗ್ಯಶ್ರೀ ಕುಸ್ತಿ ಫೈನಲ್ ಆಡಾಕತ್ತಾಳ. ಅಲ್ಲೀತನಾ ದನಿ ಉಳಿಸಿ ಕೊಡ್ರಿ."

"ಗಡ್ಡಿ ಹೋಗ್ತೈತಿ ಅಂತ ಮಾತು ಕೊಡೂದಿಲ್ರೀ," ಎಂದಳು ರೆಹಾನಾ. "ಬೆಳಿಯೂದನ್ನ ತಡದು ನೋಡೂಣು."

ಚುಚ್ಚುಮದ್ದು ಶುರುವಾಯಿತು. ಜ್ವರ ಬಂತು, ನಡುಕ ಬಂತು. ಆರನೆಯ ವಾರ ರೆಹಾನಾ ನನ್ನ ದವಡೆಗಳನ್ನು ಗಡ್ಡೆಗೆ ಆನಿಸಿದಳು. ಮತ್ತೊಮ್ಮೆ ಅಳೆದಳು. ಮತ್ತೂ ಒಮ್ಮೆ.

"ಎಷ್ಟ್ ಬಂತ್ರೀ?" ಚನವೀರಪ್ಪನವರ ಹೆಂಡತಿ ಪಾರವ್ವ ಕೇಳಿದಳು.

"ನಲವತ್ತಾರು. ಹೋದ ಸಲಾನೂ ನಲವತ್ತಾರ."

"ಅಂದ್ರ ನಿಂತೈತೇನ್ರಿ?"

"ನಿಂತೈತ್ರಿ."

ಪಾರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಫೆಬ್ರವರಿಯಲ್ಲಿ ನಾನು ನಲವತ್ತೆರಡು ತೋರಿಸುತ್ತಿದ್ದೆ. ಕುಸ್ತಿಯ ದಿನ ರೆಹಾನಾಳ ಚೀಲದಲ್ಲಿ ನಾನೂ ಹೋಗಿದ್ದೆ. ಒರಟಾಗಿದ್ದರೂ ಗಟ್ಟಿಯಾಗಿದ್ದ ಚನವೀರಪ್ಪನವರ ದನಿ ಇಡೀ ಮೈದಾನ ತುಂಬಿತು. ಭಾಗ್ಯಶ್ರೀ ಎದುರಾಳಿಯನ್ನು ಚಿತ್ ಮಾಡಿದಾಗ ಅವರು ಅವಳನ್ನು ಮಗಳೆಂದು ಹೇಳಲಿಲ್ಲ. "ಹಳಿಯಾಳದ ಪೈಲ್ವಾನಳು ಗೆದ್ದಾಳ," ಎಂದಷ್ಟೇ ಮೂರು ಸಲ ಕೂಗಿದರು.

ಆಮೇಲೂ ಮೂರು ವರ್ಷ ಅವರ ಗಡ್ಡೆಯನ್ನು ಅಳೆದೆ. ಈಗ ಅಂಕಿಗಳು ಮಿನುಗುವ ಹೊಸ ಕ್ಯಾಲಿಪರ್ ಬಂದಿದೆ. ನನ್ನ ಗೆರೆಗಳು ಸವೆದಿವೆ. ಮೇಜಿನ ಖಾನೆಯಲ್ಲಿ ಹಾಯಾಗಿ ಮಲಗಿದ್ದೇನೆ. ನಾನು ಯಾರ ರೋಗವನ್ನೂ ವಾಸಿ ಮಾಡಿದವನಲ್ಲ. ಆದರೆ ಏರುತ್ತಲೇ ಇದ್ದ ಸಂಖ್ಯೆಯೊಂದು ನಿಂತದ್ದನ್ನು ಎಲ್ಲರಿಗಿಂತ ಮೊದಲು ಕಂಡವನು ನಾನು. ಹೊರಗೆ ಬೆಂಚುಗಳ ಮೇಲೆ ಇವತ್ತು ಹದಿನೇಳು ಜನ ಅದೇ ಚುಚ್ಚುಮದ್ದಿಗಾಗಿ ಕುಳಿತಿದ್ದಾರೆ. ಕಂಪೌಂಡರ್ ಮೊದಲನೆಯವರ ಹೆಸರು ಕೂಗುತ್ತಿದ್ದಾನೆ.