ಹದಿನೆಂಟನೆಯವನು

"ನಿನ್ ಟೈಮ್ ಬರತ್ತೆ ಮಗಾ, ಸ್ವಲ್ಪ ತಾಳ್ಕೋ," ಎಂದು ಮೂಗಿನಲ್ಲೇ ಗೊರಗುಟ್ಟುತ್ತ, ಇಲ್ಲದ ಹೊಟ್ಟೆಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿದು ಜೋನಾ ಓಲ್ಡ್‌ರಾಯ್ಡ್ ಡ್ರೆಸ್ಸಿಂಗ್ ರೂಮಿನ ತುಂಬ ಓಡಾಡಿದ. ಥೇಟ್ ಕೋಚ್ ಟಾಲ್ಬಟ್. ಬೂಟಿನ ದಾರ ಬಿಗಿಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಹದಿನೇಳು ಜನ ರಗ್ಬಿ ಆಡಲು ಹೊರಟರು. ಜೋನಾ ನೀರಿನ ಬಾಟಲಿಗಳ ಬುಟ್ಟಿ ಎತ್ತಿಕೊಂಡ.

ಯಾರ್ಕ್‌ಶೈರಿನ ಈ ಕ್ಲಬ್ಬಿನ ಕರಾರಿಗೆ ಸಹಿ ಹಾಕಿದ ದಿನದಿಂದ ಅವನು ಹದಿನೆಂಟನೆಯವನೇ. ಆ ಸ್ಥಾನದ ನಿಯಮ ವಿಚಿತ್ರ: ತಲೆಗೆ ಪೆಟ್ಟು ತಿಂದ ಮೂವರು ಡಾಕ್ಟರ ಪರೀಕ್ಷೆಯಲ್ಲಿ ನಪಾಸಾಗಿ ಹೊರಬಿದ್ದರೆ ಮಾತ್ರ ಮೈದಾನಕ್ಕಿಳಿಯಲು ಇವನು ಪಾಸು. ಗೆಳೆಯರ ತಲೆ ಕೆಟ್ಟರೆ ಇವನ ತಲೆಬರಹ ನೆಟ್ಟಗೆ. ನೆನೆದರೆ ಅವನಿಗೆ ತನ್ನ ಮೇಲೇ ಹೇಸಿಗೆ. ಆದರೂ ಯಾರಾದರೂ ಬಿದ್ದರೆ ಕಾಲುಗಳು ತಾವಾಗಿ ಕುಣಿಯತೊಡಗುತ್ತಿದ್ದವು.

"ಏ ನೀರೂ! ಈ ಕಡೆಗೊಂದು ಬಿಯರ್ ತಾರೋ!" ಪ್ರೇಕ್ಷಕರ ಮೆಟ್ಟಿಲುಗಳ ಮೇಲಿಂದ ಯಾರೋ ಕೂಗಿದರು.

ಅಂದು ವಿರಾಮದೊಳಗೇ ಒಬ್ಬ ನಪಾಸಾಗಿದ್ದ, ಆಮೇಲೆ ಇನ್ನೊಬ್ಬ. ಆಟ ಮುಗಿಯುತ್ತ ಬಂದಾಗ ಹೆಪ್ಪಿ ಬಗ್ಗಿ ಎದುರಾಳಿಯ ಕಾಲಿಗೆ ಹಾರಿದ. ಮೊಣಕಾಲೊಂದು ಅವನ ಕಿವಿಯ ಮೇಲೆ ಬಡಿಯಿತು. ಚೆಂಡು ಆಗಲೇ ಆಚೆ ತುದಿಯಲ್ಲಿದ್ದುದರಿಂದ ಯಾರೂ ನೋಡಲಿಲ್ಲ. ಹೆಪ್ಪಿ ಎಂದರೆ ದಿನಾ ಬೆಳಿಗ್ಗೆ ಜೋನಾನನ್ನು ಕಾರಿನಲ್ಲಿ ಕರೆದೊಯ್ದು, ಅರ್ಧ ಬೇಕನ್ ಸ್ಯಾಂಡ್‌ವಿಚ್ ಕೊಟ್ಟು, "ನೀನ್ ಇಳಿಯೋ ದಿನ ನಾನೇ ಪಕ್ಕದಲ್ಲಿರ್ತೀನಿ," ಎನ್ನುತ್ತಿದ್ದವನು.

ಜೋನಾ ನೀರು ಹಿಡಿದು ಓಡಿದ. ಹೆಪ್ಪಿಯ ಕೈ ಬಾಟಲಿಯ ಪಕ್ಕದ ಗಾಳಿಯನ್ನು ಹಿಡಿಯಿತು.

"ಹೆಪ್ಪಿ, ಆಚೆ ಬಾ."

"ಬಾಯ್ ಮುಚ್ಕೊಂಡಿರು. ಮುಂದಿನ್ ವರ್ಷದ ಕರಾರು ನಂಗಿನ್ನೂ ಸಿಕ್ಕಿಲ್ಲ. ಡಾಕ್ಟರಮ್ಮಂಗೆ ಹೇಳಿದ್ಯೋ, ನನ್ ಕಾರ್ ಹತ್ಬೇಡ."

ಜೋನಾ ಮೈದಾನದಂಚಿನ ಗೆರೆಯ ತನಕ ನಡೆದು ಬಂದ. ಬುಟ್ಟಿ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಹೆಪ್ಪಿ ಮೈದಾನದಲ್ಲಿ ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತಿದ್ದ.

"ಡಾಕ್ಟ್ರೇ, ಹೆಪ್ಪಿ ಸರಿಯಿಲ್ಲ," ಎಂದ.

ಡಾಕ್ಟರ್ ನಸ್ರೀನ್ ಓಡಿದರು. ಟಾಲ್ಬಟ್ ತಿರುಗಿದ. "ಮೂರ್ನೇ ತಲೆ ಬೇಕಿತ್ತಲ್ಲ ನಿಂಗೆ? ಹುಡುಕ್ಕೊಂಡೆ." ಮೂಗಿನಲ್ಲಲ್ಲ, ಮೆಲ್ಲಗೆ, ಎದೆಯಿಂದ ಬಂದ ದನಿ. ಜೋನಾ ಅದನ್ನು ಎಂದೂ ಅನುಕರಿಸಿರಲಿಲ್ಲ.

ಡಾಕ್ಟರ ತೋಳು ಹಿಡಿದು ದಾಟುವಾಗ ಹೆಪ್ಪಿ, "ಸಿಕ್ತಲ್ಲ, ಹೋಗ್ ಆಡ್ಕೋ," ಎಂದು ಉಗಿದ.

ಹೆಪ್ಪಿ ನಪಾಸಾದ. ಜೋನಾ ಇಳಿದಾಗ ಉಳಿದಿದ್ದುದು ಆಟದ ಬಾಲ ಮಾತ್ರ. ಚೆಂಡು ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು. ಅವನು ಕೈ ಚಾಚಿದಾಗಲೆಲ್ಲ ಅವನ ತಲೆಯ ಮೇಲಿಂದ ಇನ್ನೊಬ್ಬನಿಗೆ ಹೋಯಿತು. ಹಾರ್ನ್ ಕೂಗಿದಾಗ ತಂಡ ಸೋತಿತ್ತು. ಅವನ ಅಂಗೈಗಳಿಗೆ ಮಣ್ಣು ಕೂಡ ತಾಗಿರಲಿಲ್ಲ.

ಮೊದಲ ಪಂದ್ಯ ಆಡಿದವನು ಬೆಂಚು ಹತ್ತಿ ಹಾಡಬೇಕು, ಅದು ಕ್ಲಬ್ಬಿನ ಪದ್ಧತಿ. ಟಾಲ್ಬಟ್‌ನ ಮೂಗಿನಲ್ಲೇ ಹಾಡಬೇಕೆಂದು ಜೋನಾ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಇಂದು ಯಾರೂ ಹಾಡು ಕೇಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಬೂಟು ಕಳಚುತ್ತಿದ್ದರು.

ಮೂಲೆಯ ಮೇಜಿನ ಮೇಲೆ ಐಸ್ ಒತ್ತಿಕೊಂಡು ಮಲಗಿದ್ದ ಹೆಪ್ಪಿ ಕತ್ತು ಹೊರಳಿಸಿದ. "ಏ ಮರೀ, ಇವತ್ತಾದ್ರೂ ಆಡ್ಸಿದ್ರೇನೋ?"

ಜೋನಾ ಡಾಕ್ಟರ ಮುಖ ನೋಡಿದ. ಅವರು ಹೇಳು ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು.

"ಆಡ್ಸಿದ್ರು, ಹೆಪ್ಪಿ."

"ಅಯ್ಯೋ ನನ್ ರಾಜಾ!" ಹೆಪ್ಪಿಯ ಮುಖವೆಲ್ಲ ಅರಳಿತು. "ನಾನ್ ಪಕ್ಕದಲ್ಲಿದ್ನಾ? ಹತ್ತೋ ಬೆಂಚು! ಹಾಡೋ!"

ಜೋನಾ ಹತ್ತಿದ. ಟಾಲ್ಬಟ್‌ನ ಮೂಗು ನೆನಪಾಗಲಿಲ್ಲ. ತನ್ನ ಒಡಕು ದನಿಯಲ್ಲೇ ಎರಡು ಸಾಲು ಹಾಡಿದ.

"ಏ ಮರೀ," ಹೆಪ್ಪಿ ಮತ್ತೆ ಕತ್ತು ಹೊರಳಿಸಿದ, "ಇವತ್ತಾದ್ರೂ ಆಡ್ಸಿದ್ರೇನೋ?"

"ಆಡ್ಸಿದ್ರು."

"ಅಯ್ಯೋ ನನ್ ರಾಜಾ! ಹಾಗಾದ್ರೆ ಹಾಡೋ!"

ಬೆಂಚಿನ ಮೇಲೆ ನಿಂತೇ ಇದ್ದ ಜೋನಾ ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಮತ್ತೆ ಶುರುಮಾಡಿದ.